ಮೂರು ಸಲ ನೋಡಿದ ಮೇಲೆ ಕಟ್ಟುವ ದಾರ

ಶ್ರೀಲಂಕಾ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ತೆಂಗಿನ ತೋಟಗಳ ಬಗ್ಗೆ ಹೇಳುತ್ತೇನೆ. ಬೆಲ್ಲದ ತುಂಡು ಕಚ್ಚಿಕೊಂಡು ಕುಡಿಯುವ ಕರಿ ಚಹಾದ ಬಗ್ಗೆ ಹೇಳುತ್ತೇನೆ. ರೈಲಿನ ಬಾಗಿಲಿನ ಬಗ್ಗೆ ಹೇಳುವುದಿಲ್ಲ. ಹೋಗಿ ಬಂದು ಮೂರು ವರ್ಷವಾಗುತ್ತ ಬಂತು. ಇವತ್ತಿಗೂ ಪಾತ್ರೆ ತೊಳೆಯುವಾಗಲೋ ಠಾಣೆ ರೈಲು ನಿಲ್ದಾಣದ ಸೇತುವೆ ಹತ್ತುವಾಗಲೋ ಆ ಮೂರು ನಾಲ್ಕು ಕ್ಷಣಗಳು ಮೊದಲಿನಿಂದ ಶುರುವಾಗುತ್ತವೆ: ಹಸಿರು ಬಳೆ ತೊಟ್ಟ ಒಂದು ಕೈ, ಹೊರಗೆ ಹಿಂದಕ್ಕೆ ಓಡುತ್ತಿರುವ ಜಲ್ಲಿಕಲ್ಲು, ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ನನ್ನ ಬಲಗೈ. ಪ್ರತಿ ಸಲವೂ ನಾನು ಆ ಬಲಗೈಗೆ ಬಿಡು ಬಿಡು ಎನ್ನುತ್ತೇನೆ. ಅದು ಬಿಡುವುದಿಲ್ಲ.

ಡೊಂಬಿವಲಿ, ಹೊರಡುವ ಮುಂಚೆ

ಹೊರಟವರು ಇಬ್ಬರು, ನಾನು ಮತ್ತು ಮಲ್ಲಕ್ಕ. ಇಬ್ಬರ ಮನೆಯೂ ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ, ಇಬ್ಬರ ಕೆಲಸವೂ ನವಿ ಮುಂಬೈಯ ಒಂದು ಸಣ್ಣ ಲ್ಯಾಬಿನಲ್ಲಿ. ಪೈರು ತಿನ್ನುವ ಹುಳುಗಳನ್ನು ಕೊಲ್ಲುವ ಕಣಜಗಳನ್ನು ಅಲ್ಲಿ ಸಾಕುತ್ತೇವೆ. ಕಣಜವೆಂದರೆ ಕಚ್ಚುವ ದೊಡ್ಡ ಹುಳವಲ್ಲ, ಕರಿ ಇರುವೆಗೆ ರೆಕ್ಕೆ ಅಂಟಿಸಿದಷ್ಟೇ ಗಾತ್ರ. ತೆಂಗಿನ ಗರಿ ತಿಂದು ಒಣಗಿಸುವ ಕಪ್ಪು ತಲೆ ಹುಳುವನ್ನು ಈ ಹೆಣ್ಣು ಚುಚ್ಚಿ ಜಡಗೊಳಿಸುತ್ತದೆ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಕೀಟಲೋಕದಲ್ಲಿ ಅಪರೂಪದ ಸಂಗತಿಯೆಂದರೆ, ಮರಿಗಳು ಗೂಡು ನೇಯುವವರೆಗೂ ತಾಯಿ ಪಕ್ಕದಲ್ಲೇ ಕೂತು ಕಾಯುತ್ತದೆ. ಮಲ್ಲಕ್ಕ ಇವನ್ನು ಬಾಣಂತಿಯರು ಎಂದೇ ಕರೆಯುತ್ತಿದ್ದರು.

ನಾನು ಎಂಎಸ್ಸಿ ಮಾಡಿ ಬಂದವಳು. ಮಲ್ಲಕ್ಕ ವಿಜಯಪುರದ ಕಡೆಯ ಹಳ್ಳಿಯಿಂದ ಗಂಡನ ಜೊತೆ ಬಂದು ನವಿ ಮುಂಬೈಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಆಮೇಲೆ ನಮ್ಮ ಲ್ಯಾಬಿನ ಕಸ ಗುಡಿಸಲು ಸೇರಿದರು. ಗುಡಿಸುತ್ತ ಗುಡಿಸುತ್ತ ಹುಳು ಸಾಕುವ ಕೋಣೆಗೆ ಬಂದರು, ಆ ಕೋಣೆ ಅವರದೇ ಆಯಿತು. ಓದು ಬರಹ ಇಲ್ಲ. ಆದ್ದರಿಂದ ಅವರ ದಾಖಲೆಯೆಲ್ಲ ದಾರದಲ್ಲಿ. ಒಂದು ದಿನ ನೋಡುತ್ತೇನೆ, ಗಾಜಿನ ಕೊಳವೆಗಳ ಕತ್ತಿಗೆ ಕೆಂಪು, ಬಿಳಿ ದಾರ.

"ಇದೆಂತ ಮಲ್ಲಕ್ಕ, ದೇವಸ್ಥಾನದ ಹಾಗೆ ದಾರ ಕಟ್ಟಿದ್ದೀರಿ?"

"ಕೆಂಪು ಕಟ್ಟಿದ್ದು ಕುಂದರಾಕಿ, ಬಿಳೇದು ಓಡಾಕಿ," ಎಂದರು. ಒಂದು ಕೊಳವೆ ಎತ್ತಿ ಬಳೆಯಿಂದ ಟಣ್ ಟಣ್ ಟಣ್ ಎಂದು ಮೂರು ಸಲ ಬಡಿದರು. ಒಳಗಿನ ತಾಯಿ ಕಣಜ ತನ್ನ ಮೊಟ್ಟೆಯಿದ್ದ ಹುಳುವನ್ನು ಕಾಲುಗಳಿಂದ ಅವುಚಿಕೊಂಡಿತು. ಇನ್ನೊಂದಕ್ಕೆ ಬಡಿದರು. ಅದು ಮೊಟ್ಟೆ ಬಿಟ್ಟು ಹತ್ತಿಯ ಬಿರಡೆಗೆ ಹಾರಿತು.

"ಒಂದು ಸಲ ನೋಡಿದ ಕೂಡಲೇ ಗೊತ್ತಾಗ್ತದಾ?"

"ಛೇ ಛೇ. ಒಂದ ಸಲ ನೋಡಿ ದಾರ ಕಟ್ಟಿದ್ರ ಪಾಪ ಬರ್ತೈತ್ರಿ ಮೇಡಮ್ಮಾರ. ಅವತ್ತ ಅದಕ್ಕ ಹಸಿವಾಗಿರಬೇಕು, ಮೈಯಾಗ ಆರಾಮ ಇಲ್ದಿರಬೇಕು. ಮೂರು ದಿನ, ಮೂರು ಸಲ. ಮೂರೂ ಸಲ ಹಂಗ ಮಾಡಿದ್ರ ಆಗ ಅದು ಅದರ ಗುಣ."

ನಾನು ನಂಬಲಿಲ್ಲ. ಒಂದು ಮಳೆಗಾಲ ಪೂರ್ತಿ ಅವರ ದಾರಗಳನ್ನು ಪುಸ್ತಕದಲ್ಲಿ ಬರೆದುಕೊಂಡೆ. ಕೆಂಪು ದಾರದವು ಹೆಚ್ಚುಕಡಿಮೆ ಯಾವಾಗಲೂ ಕೂತವು, ಬಿಳಿಯವು ಓಡಿದವು. ಒಂದೇ ತಾಯಿಯ ಮಕ್ಕಳು, ಒಂದೇ ಜೇನುತುಪ್ಪ ನೆಕ್ಕಿ ಬೆಳೆದವು, ಆದರೂ ಒಂದೊಂದಕ್ಕೆ ಒಂದೊಂದು ಸ್ವಭಾವ. ಶ್ರೀಲಂಕಾದ ನಿಲಂತಿ ಎಂಬ ಕೀಟತಜ್ಞೆ ಇದನ್ನೇ ಕುಂಚದಿಂದ ಮುಟ್ಟಿ, ಗಡಿಯಾರ ಹಿಡಿದು ಅಳೆಯುತ್ತಿದ್ದಳು. ವೀಡಿಯೊ ಮಾತುಕತೆಯಲ್ಲಿ ನಾನು ದಾರದ ಕಥೆ ಹೇಳಿದಾಗ ಅವಳು ಅದನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ, "ಆ ಬಳೆಯವರನ್ನು ಕರೆದುಕೊಂಡು ಬನ್ನಿ" ಎಂದಳು.

ಪಾಸ್‌ಪೋರ್ಟಿಗೆ ಹೋದರೆ ಮಲ್ಲಕ್ಕನ ಬೆರಳಚ್ಚನ್ನು ಯಂತ್ರ ಹಿಡಿಯಲಿಲ್ಲ. ಇಟ್ಟಿಗೆ ಹೊತ್ತು ಬೆರಳ ತುದಿ ಸವೆದುಹೋಗಿತ್ತು. "ನಾ ಇಲ್ಲೇ ಕುಂತೀನಲ್ರೀ, ಮತ್ತ ನಾನ ಅಂತ ಹೇಳಾಕ ಯಂತ್ರ ಯಾಕ ಬೇಕು?" ಎಂದು ಯಂತ್ರದ ಹಿಂದೆ ಕೂತಿದ್ದ ಹುಡುಗಿಯನ್ನು ಕನ್ನಡದಲ್ಲೇ ಕೇಳಿದರು. ಅವಳು ಮರಾಠಿಯಲ್ಲಿ ನಕ್ಕಳು.

ನೆಗೊಂಬೊ, ಮೊದಲ ದಿನಗಳು

ಕೊಲಂಬೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಮಲ್ಲಕ್ಕನ ಚೀಲ ತೆರೆಸಿದರು. ಒಳಗೆ ಒಂದರ ಮೇಲೊಂದು ಜೋಡಿಸಿದ ಕಡಕ್ ರೊಟ್ಟಿ. ಅವರು ಒಂದನ್ನು ಬೆರಳಿನಿಂದ ತಟ್ಟಿ ನೋಡಿದರು, ಹಂಚು ತಟ್ಟಿದ ಸದ್ದು ಬಂತು. "ಮುರೀರಿ, ಮುರೀರಿ. ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ರಿ," ಎಂದು ಮಲ್ಲಕ್ಕ ಡಬ್ಬಿಯನ್ನೇ ಮುಂದೆ ಹಿಡಿದರು. ಅವರು ತಿನ್ನಲಿಲ್ಲ, ಆದರೆ ಚೀಲವನ್ನು ಅವರೇ ಕಟ್ಟಿಕೊಟ್ಟರು.

ಮಲ್ಲಕ್ಕ ಅಲ್ಲಿದ್ದ ಹತ್ತು ದಿನವೂ ಎಲ್ಲರ ಜೊತೆ ಕನ್ನಡವನ್ನೇ ಆಡಿದರು. ಅಲ್ಲಿಯವರು ಸಿಂಹಳದಲ್ಲಿ ಉತ್ತರಿಸಿದರು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಅಕ್ಕನಿಗೆ ಅವರೂ ಅಕ್ಕ ಎನ್ನುತ್ತಾರೆ ಎಂದು ಗೊತ್ತಾದ ಮೇಲಂತೂ ಮಲ್ಲಕ್ಕನಿಗೆ ಅದು ತಮ್ಮದೇ ತಾಲೂಕು.

ಬೆಳಗಿನ ತಿಂಡಿಗೆ ಇಡಿಯಾಪ್ಪ, ಅಂದರೆ ಒತ್ತು ಶ್ಯಾವಿಗೆ, ಬಂತು. ತಟ್ಟೆ ನೋಡಿದ ಕೂಡಲೇ ನನಗೆ ನಮ್ಮ ಡೊಂಬಿವಲಿಯ ಹಳೆಯ ಚಾಳು, ಆ ಸಾಲುಮನೆ, ನೆನಪಾಯಿತು. ಅಪ್ಪ ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ಅವರಿಗೆ ರಜೆ ಇದ್ದ ದಿನ ಅಮ್ಮ ಶ್ಯಾವಿಗೆ ಒತ್ತುತ್ತಿದ್ದಳು. ಒತ್ತುವ ಮಣೆ ಉಡುಪಿಯಿಂದ ಬಂದದ್ದು, ಚಾಳಿನ ನಡುವಿನ ಓಣಿಯಲ್ಲಿ ಇಡಬೇಕು, ಇಬ್ಬರು ಹುಡುಗಿಯರು ಹಿಡಿಯ ಮೇಲೆ ಜೋತು ಬೀಳಬೇಕು. ಪಕ್ಕದ ಮರಾಠಿ ಮನೆಯವರು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಆ ಚಾಳು ಈಗಿಲ್ಲ, ಮಣೆ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಇಡಿಯಾಪ್ಪಕ್ಕೆ ಕಾಯಿಹಾಲು ಹಾಕಿಕೊಂಡು ಸುಮ್ಮನೆ ಕೂತೆ. "ಯಾಕ್ರೀ, ಖಾರ ಹತ್ತಿತೇನು?" ಎಂದರು ಮಲ್ಲಕ್ಕ. ಹೌದು ಎಂದೆ.

ನೆಗೊಂಬೊದ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಡುವ ಪದ್ಧತಿ. ನಿಲಂತಿ ಬರಿಗಾಲಲ್ಲಿ ಓಡಾಡುವ, ಮೂವತ್ತು ದಾಟಿರದ ಹುಡುಗಿ. ಮಲ್ಲಕ್ಕನಿಗೆ ಕುಂಚ ಕೊಟ್ಟು ತನ್ನ ರೀತಿ ಕಲಿಸಿದಳು. ತಾನು ಕೈಗೆ ಒಂದು ಗಾಜಿನ ಬಳೆ ಹಾಕಿಕೊಂಡು ಇವರ ರೀತಿ ಕಲಿತಳು. ನಾನು ನಡುವೆ ಕೂತು ವಿಜಯಪುರದ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವವಳು.

ಒಮ್ಮೆ ನಿಲಂತಿ ಕೇಳಿದಳು: "ಓಡಿಹೋಗುವ ತಾಯಂದಿರನ್ನು ತೋಟಕ್ಕೆ ಬಿಡದೆ ತೆಗೆದುಹಾಕಬೇಕೇ? ಮಲ್ಲಕ್ಕ ಏನೆನ್ನುತ್ತಾರೆ, ಕೇಳಿ."

ಮಲ್ಲಕ್ಕನಿಗೆ ಸಿಟ್ಟೇ ಬಂತು. "ಯಾಕ್ರೀ ತೆಗೀತೀರಿ? ಓಡಾಕಿ ಬ್ಯಾರೆ ಗಿಡಕ್ಕ ಹೋಗ್ತಾಳ, ಬ್ಯಾರೆ ಹುಳ ಹುಡುಕ್ತಾಳ. ಎಲ್ಲಾರೂ ಒಂದ ಕಡೆ ಕುಂತ್ರ ತೋಟ ಉಳೀತೈತೇನು? ಓಡಾಕಿ ಅಂದ್ರ ಕೆಟ್ಟಾಕಿ ಅಂದಂಗಲ್ಲ."

ನಿಲಂತಿ ಅದನ್ನು ಬರೆದುಕೊಂಡಳು. ನಾನು ಬರೆದುಕೊಳ್ಳಲಿಲ್ಲ. ನನಗೆ ಅದು ಬೇಕಾಗಬಹುದೆಂದು ಅಂದು ಅನ್ನಿಸಿರಲಿಲ್ಲ.

ಚಿಲಾವ್‌ನಿಂದ ರೈಲು

ನಾಲ್ಕನೆಯ ದಿನ ಉತ್ತರಕ್ಕೆ ಚಿಲಾವ್ ಬಳಿಯ ತೋಟಕ್ಕೆ ಹೋದೆವು. ಅಲ್ಲಿ ಮೂರು ದಿನ ಇದ್ದು, ತೋಟದಲ್ಲೇ ಹಿಡಿದ ಹೆಣ್ಣುಗಳನ್ನು ಹುಳುಗಳ ಮೇಲೆ ಕೂರಿಸಿ, ಮೊಟ್ಟೆ ಇಟ್ಟ ಮೇಲೆ ದಿನಕ್ಕೊಂದು ಸಲ ಪರೀಕ್ಷಿಸಿದೆವು. ಮೂರನೆಯ ಸಂಜೆ ಮಲ್ಲಕ್ಕ ದಾರ ಕಟ್ಟಿದರು. ಹನ್ನೆರಡು ಕೊಳವೆ, ಏಳು ಕೆಂಪು, ಐದು ಬಿಳಿ. ಅವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ನೆಗೊಂಬೊದ ಲ್ಯಾಬಿಗೆ ತರಬೇಕಿತ್ತು. ನಿಲಂತಿ ವ್ಯಾನು ಕಳಿಸುತ್ತೇನೆಂದಳು. ಬೇಡ, ರೈಲಿನಲ್ಲಿ ಬರುತ್ತೇವೆ ಎಂದೆವು. ಡೊಂಬಿವಲಿಯವರಿಗೆ ರೈಲೇ ಬೇಕೇ ಎಂದು ಅವಳು ನಕ್ಕಳು.

ನನಗೆ ರೈಲಿಗಿಂತ ಟಿಕೆಟು ಬೇಕಿತ್ತು. ಅಲ್ಲಿ ಇನ್ನೂ ಗಟ್ಟಿ ರಟ್ಟಿನ ಪುಟ್ಟ ಟಿಕೆಟು ಕೊಡುತ್ತಾರೆ, ನನ್ನ ಬಾಲ್ಯದಲ್ಲಿ ಡೊಂಬಿವಲಿಯಲ್ಲಿ ಕೊಡುತ್ತಿದ್ದಂಥದ್ದು. ಅಪ್ಪ ಅವನ್ನು ತಂದುಕೊಡುತ್ತಿದ್ದರು, ನಾನು ಜೋಡಿಸಿ ಮನೆ ಕಟ್ಟುತ್ತಿದ್ದೆ. ಚಿಲಾವ್‌ನ ಕಿಟಕಿಯಲ್ಲಿ ಆ ರಟ್ಟು ಕೈಗೆ ಬಂದಾಗ ಮೂಸಿ ನೋಡಿದೆ. ವಾಸನೆಯೂ ಅದೇ.

ರೈಲು ತೆರೆದ ಬಾಗಿಲಿನದು, ನಿಧಾನದ್ದು. "ಎತ್ತಿನ ಬಂಡಿ ಗತೆ ಹೊಂಟೈತಲ್ರೀ," ಎಂದರು ಮಲ್ಲಕ್ಕ. ನಮ್ಮ ರೈಲು ಡಬ್ಬಿಯಲ್ಲಿ ಮುಕ್ಕಾಲು ಪಾಲು ಬೆಂಚು ಖಾಲಿ. ಬಿಳಿ ಸಮವಸ್ತ್ರದ ಶಾಲೆಯ ಹುಡುಗಿಯರು, ಬುಟ್ಟಿ ಹಿಡಿದ ವಡೆ ಮಾರುವವನೊಬ್ಬ, ಅಷ್ಟೆ. ಪೆಟ್ಟಿಗೆ ನನ್ನ ತೊಡೆಯ ಮೇಲೆ.

ಇಲ್ಲಿ ನಮ್ಮ ಊರಿನ ಒಂದು ಅಭ್ಯಾಸ ಹೇಳಬೇಕು. ಬೆಳಗಿನ ಲೋಕಲಿನಲ್ಲಿ ನವಿ ಮುಂಬೈಯ ಗಾಡಿಗೆ ಬದಲಿಸಲು ಠಾಣೆಗೆ ಇಳಿಯಬೇಕಾದವಳು ಎರಡು ನಿಲ್ದಾಣ ಮೊದಲು ಮುಂಬ್ರಾದಲ್ಲೇ ಎದ್ದು ಬಾಗಿಲಿನತ್ತ ಸರಿಯಬೇಕು. ಕಳವಾ ಬರುವಷ್ಟರಲ್ಲಿ ಬಾಗಿಲಿನ ಎರಡನೇ ಸಾಲಿನಲ್ಲಿರಬೇಕು. ಇಲ್ಲವಾದರೆ ಠಾಣೆ ಬಂದು ಹೋಗುತ್ತದೆ, ನೀವು ಮುಲುಂಡಿನಲ್ಲಿ ಇಳಿಯುತ್ತೀರಿ. ಹಾಗೆ ನಿಂತಾಗ ಯಾರೂ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಹಿಡಿಯಲು ಕೈ ಎತ್ತಲು ಜಾಗವಿರುವುದಿಲ್ಲ. ಬೆನ್ನಿಗೆ ಒಬ್ಬಳ ಎದೆ, ಭುಜಕ್ಕೆ ಇನ್ನೊಬ್ಬಳ ಚೀಲ. ಗಾಡಿ ಜಗ್ಗಿದರೆ ಗರ್ದಿಯೇ ಎಲ್ಲರನ್ನೂ ಹಿಡಿದು ನಿಲ್ಲಿಸುತ್ತದೆ. ಇಪ್ಪತ್ತು ವರ್ಷ ಹಾಗೆ ಓಡಾಡಿದ ಮೈಗೆ ಅದೇ ನೆಲ, ಅದೇ ಗೋಡೆ.

ನೆಗೊಂಬೊಗೆ ಇನ್ನೂ ಎರಡು ಮೂರು ನಿಲ್ದಾಣವಿತ್ತು. ಮಲ್ಲಕ್ಕ ಎದ್ದರು. "ಏಳ್ರಿ, ಬಾಗಿಲಕ್ಕ ಹೋಗೂಣು."

ನಾನೂ ಎದ್ದೆ. ಅದೇ ತಮಾಷೆ. ಖಾಲಿ ಡಬ್ಬಿಯಲ್ಲಿ ನಾವಿಬ್ಬರು ಗಡಿಬಿಡಿಯಿಂದ ಬಾಗಿಲಿಗೆ ಹೋಗಿ ನಿಂತೆವು. ಶಾಲೆಯ ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಮಗೂ ನಗು ಬಂತು. "ಇಲ್ಲಿ ಯಾರು ನಮ್ಮನ್ನ ದೂಡ್ತಾರೆ ಮಾರಾಯ್ರೆ?" ಎಂದೆ ನಾನು. "ರೂಢಿ ರೀ, ರೂಢಿ," ಎಂದರು. ನಾನು ಎಡಗೈಯಲ್ಲಿ ಪೆಟ್ಟಿಗೆ ಅವುಚಿಕೊಂಡು ಬಲಗೈಯಲ್ಲಿ ಕಂಬ ಹಿಡಿದೆ. ಮಲ್ಲಕ್ಕ ಬಾಗಿಲಿನ ಬಾಯಲ್ಲಿ ನನ್ನತ್ತ ಮುಖ ಮಾಡಿ ನಿಂತರು. ಏನನ್ನೂ ಹಿಡಿದಿರಲಿಲ್ಲ. ಠಾಣೆಗೆ ನಿಲ್ಲುವಂತೆಯೇ ನಿಂತಿದ್ದರು, ಬೆನ್ನು ತುಸು ಹಿಂದಕ್ಕೆ ಕೊಟ್ಟು.

ತಿರುವಿನಲ್ಲಿ ಗಾಡಿ ಜಗ್ಗಿತು.

ಅವರ ಬೆನ್ನು ಒರಗಿಕೊಳ್ಳಲು ಹೋಯಿತು. ಹಿಂದೆ ಯಾರೂ ಇರಲಿಲ್ಲ. ಅವರ ಮುಖದಲ್ಲಿ ಮೊದಲು ಬಂದದ್ದು ಹೆದರಿಕೆಯಲ್ಲ, ಆಶ್ಚರ್ಯ. ಎಲ್ಲಿ ಹೋದರು ಇವರೆಲ್ಲ ಎನ್ನುವ ಹಾಗೆ. ಒಂದು ಕೈ ಬಾಗಿಲ ಪಕ್ಕದ ಸರಳಿಗೆ ಸಿಕ್ಕಿತು, ಕಾಲು ಜಾರಿತು, ಮೈ ಹೊರಗೆ ತಿರುಗಿತು. ಸೆರಗು ಗಾಳಿಗೆ ಹೋಯಿತು. ಇನ್ನೊಂದು ಕೈ, ಹಸಿರು ಬಳೆಯ ಕೈ, ನನ್ನತ್ತ ಚಾಚಿತ್ತು. ನಡುವೆ ಒಂದು ಮೊಳದ ದೂರ. ಪೆಟ್ಟಿಗೆ ಕೆಳಗೆ ಹಾಕಿದ್ದರೆ ಸಾಕಿತ್ತು. ಕಂಬ ಬಿಟ್ಟಿದ್ದರೆ ಸಾಕಿತ್ತು. ನಾನು ಎರಡನ್ನೂ ಮಾಡಲಿಲ್ಲ. ಎರಡನ್ನೂ ಇನ್ನಷ್ಟು ಬಿಗಿಯಾಗಿ ಹಿಡಿದೆ.

ವಡೆ ಮಾರುವವನು ಬುಟ್ಟಿ ಎಸೆದು ನನ್ನನ್ನು ದಾಟಿ ಬಂದ. ಮಲ್ಲಕ್ಕನ ತೋಳಿಗೂ ಸೀರೆಯ ಗಂಟಿಗೂ ಕೈ ಹಾಕಿ, ಒಂದು ಕಾಲನ್ನು ಗೋಡೆಗೆ ಒತ್ತಿ, ಬಾವಿಯಿಂದ ಕೊಡ ಸೇದುವ ಹಾಗೆ ಒಳಗೆಳೆದುಕೊಂಡ. ಇಬ್ಬರೂ ನೆಲಕ್ಕೆ ಬಿದ್ದರು. ಸುತ್ತ ಬೇಳೆ ವಡೆಗಳು ಉರುಳಾಡುತ್ತಿದ್ದವು. ಅವನು ಏದುಸಿರು ಬಿಡುತ್ತ ಬೈದ, ಬಹಳ ಹೊತ್ತು ಬೈದ. ನಮಗೆ ತಿಳಿದ ಮಾತು ನಡುನಡುವೆ ಬರುತ್ತಿದ್ದ "ಅಕ್ಕಾ" ಒಂದೇ.

ಮಲ್ಲಕ್ಕ ಕಾಲು ನೋಡಿಕೊಂಡರು. "ಒಂದು ಚಪ್ಪಲಿ ಹೋತು." ಆಮೇಲೆ ಮೊಣಕಾಲೂರಿ ಅವನ ವಡೆಗಳನ್ನು ಆರಿಸಿ ಬುಟ್ಟಿಗೆ ತುಂಬತೊಡಗಿದರು. ಒಂದೊಂದನ್ನೂ ಸೆರಗಿಗೆ ಒರೆಸಿ ಹಾಕಿದರು. ನಾನು ಇನ್ನೂ ಕಂಬದ ಹತ್ತಿರವೇ ಇದ್ದೆ. ಅವರು ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡಿದರು, ನನ್ನ ಬಲಗೈ ನೋಡಿದರು.

"ಪೆಟಗಿ ಉಳೀತೇನ್ರಿ?"

"ಉಳೀತು," ಎಂದೆ.

ನೆಗೊಂಬೊದಲ್ಲಿ ಗಾಡಿ ಪೂರ್ತಿ ನಿಂತ ಮೇಲೆ, ಎಲ್ಲರೂ ಇಳಿದ ಮೇಲೆ, ನಾವು ಇಳಿದೆವು.

ಪೆಟ್ಟಿಗೆ ತೆರೆದಾಗ

ಲ್ಯಾಬಿನಲ್ಲಿ ನಿಲಂತಿ ನನ್ನನ್ನು ಹೊಗಳಿದಳು. ಅಷ್ಟೆಲ್ಲ ಆದರೂ ಪೆಟ್ಟಿಗೆ ಬಿಡಲಿಲ್ಲವಲ್ಲ ಎಂದಳು. ನಾನು ಮೂಲೆಯ ನಲ್ಲಿಗೆ ಹೋಗಿ ಸುಮ್ಮನೆ ಕೈ ತೊಳೆದೆ.

ಕೊಳವೆಗಳನ್ನು ಸಾಲಾಗಿ ಇಟ್ಟರು. ಬಿಳಿ ದಾರದ ಐದೂ ತಾಯಿಗಳು ಬಿರಡೆಯ ಹತ್ತಿಯಲ್ಲಿ ಮುಖ ಹುದುಗಿಸಿ ಕೂತಿದ್ದವು. ಕೆಂಪು ದಾರದವು ಹುಳುವಿನ ಮೇಲೆಯೇ ಇದ್ದವು. ಒಂದನ್ನು ಬಿಟ್ಟು. ಆ ಒಂದು, ಮೂರೂ ದಿನ ಅಲುಗದೆ ಕೂತಿದ್ದದ್ದು, ಈಗ ಮೊಟ್ಟೆಗಳನ್ನು ಬಿಟ್ಟು ಗಾಜಿನ ತುದಿಗೆ ಅಂಟಿಕೊಂಡಿತ್ತು.

"ಇದಕ್ಕೆ ಬಿಳಿ ದಾರ ಕಟ್ಟಬೇಕಲ್ಲವೇ?" ಎಂದಳು ನಿಲಂತಿ. ನಾನು ಕನ್ನಡದಲ್ಲಿ ಹೇಳಿದೆ.

ಮಲ್ಲಕ್ಕ ಆ ಕೊಳವೆಯ ಮೇಲೆ ಅಂಗೈ ಮುಚ್ಚಿದರು. "ಬ್ಯಾಡ್ರಿ. ಗಾಡಿ ಹೆಂಗ ಜಗ್ಗಿತು ನನಗ ಗೊತ್ತು. ಅದು ಇಕಿ ಗುಣ ಅಲ್ರಿ, ಗಾಡಿದು." ನನ್ನತ್ತ ನೋಡದೆಯೇ ಹೇಳಿದರು. "ಹೇಳ್ರಿ ಆಕಿಗೆ."

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. ಬಂದದ್ದು ಕನ್ನಡ. ಎರಡನೇ ಸಲ ಹೇಳಬೇಕಾಯಿತು.

ಮರುದಿನ ಬೆಳಿಗ್ಗೆ ಆ ತಾಯಿ ಮೊಟ್ಟೆಗಳ ಬಳಿ ವಾಪಸು ಬಂದಿತ್ತು. ಕೆಂಪು ದಾರ ಹಾಗೇ ಉಳಿಯಿತು. ಉಳಿದ ದಿನಗಳಲ್ಲಿ ನಾವು ಸಮುದ್ರ ನೋಡಿದೆವು, ಹೊಸ ಚಪ್ಪಲಿ ಕೊಂಡೆವು. ಉಳಿದಿದ್ದ ಕಡಕ್ ರೊಟ್ಟಿಯನ್ನು ಮಲ್ಲಕ್ಕ ಒಂದು ಗಂಟು ಕಟ್ಟಿ, ಅದೇ ಗಾಡಿಯ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ, ವಡೆಯವನಿಗೆ ಕೊಟ್ಟು ಬಂದರು. ಅವನು ಈ ಸಲವೂ ಬೈದನಂತೆ. "ನಮ್ಮಣ್ಣ ಇದ್ದಂಗ ಅದಾನ್ರಿ," ಎಂದರು. ನಾನು ಜೊತೆಗೆ ಹೋಗಿರಲಿಲ್ಲ.

ಮತ್ತೆ ಡೊಂಬಿವಲಿ

ಬಂದ ಮೂರನೆಯ ದಿನ ಕೆಲಸಕ್ಕೆ ಹೊರಟೆವು. ಡೊಂಬಿವಲಿಯ ಪ್ಲಾಟ್‌ಫಾರ್ಮು ಎಂದಿನಂತೆ ತುಂಬಿತ್ತು. ನಾವು ಮಹಿಳೆಯರ ಡಬ್ಬಿ ನಿಲ್ಲುವ ಜಾಗದಲ್ಲಿ ನಿಂತಿದ್ದೆವು. ಗಾಡಿ ಇನ್ನೂ ಬಂದಿರಲಿಲ್ಲ. ಅಲ್ಲಿಯೇ, ಅಷ್ಟು ಜನರ ನಡುವೆ ಹೇಳಿಬಿಟ್ಟೆ.

"ಮಲ್ಲಕ್ಕ, ಅವತ್ತು ನಾನು ನಿಮ್ಮನ್ನ ಹಿಡೀಲಿಲ್ಲ."

"ಗೊತ್ತೈತ್ರಿ. ನಿಮ್ಮ ಕೈ ನೋಡೀನಲ್ಲ. ಸುಣ್ಣದ ಗತೆ ಬೆಳ್ಳಗಾಗಿತ್ತು."

"ಹಿಡೀಬಹುದಿತ್ತು. ಒಂದು ಮೊಳ ಕೂಡ ಇರ್ಲಿಲ್ಲ. ನಂಗೆ ಈಗ ಗೊತ್ತಾಯ್ತು, ನಾನು ಬಿಳಿ ದಾರದವಳು."

ಅವರು ತಿರುಗಿ ನನ್ನನ್ನು ನೋಡಿದರು. ಲ್ಯಾಬಿನಲ್ಲಿ ಹೊಸ ಹುಡುಗಿಯರು ಕೊಳವೆ ಒಡೆದಾಗ ನೋಡುವ ನೋಟ ಅದು. "ನಿಮಗ ದಾರ ಕಟ್ಟಿದವರು ಯಾರ್ರೀ? ನೀವ ಕಟ್ಟಿಕೊಂಡ್ರೇನು? ಇಷ್ಟು ಕಲ್ತೀರಿ, ಒಂದ ಸಲಕ್ಕ ಕಟ್ಟಬಾರದು ಅಂತ ತಿಳೀವಲ್ದು?"

ಗಾಡಿ ಬಂತು. ನಿಲ್ಲುವ ಮೊದಲೇ ಹೆಂಗಸರು ಹತ್ತತೊಡಗಿದರು. ಮಲ್ಲಕ್ಕ ಊಟದ ಡಬ್ಬಿಯ ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡರು. ಬಲಗೈಯನ್ನು ನನ್ನ ಕೈಯೊಳಗೆ ತುರುಕಿದರು.

"ಹಿಡೀರಿ. ಇದು ಎರಡನೇದು."

ಹಿಂದಿನವರು ನೂಕಿದ ಹಾಗೇ ಒಳಗೆ ಹೋದೆವು. ದಿವಾದಲ್ಲಿ ಇನ್ನಷ್ಟು ಜನ ಹತ್ತಿದರು. ಮುಂಬ್ರಾದಲ್ಲಿ ಬಾಗಿಲಿನತ್ತ ಸರಿಯುವಾಗ ಯಾರೋ "ಪುಢೇ ಚಲಾ, ಪುಢೇ ಚಲಾ", ಮುಂದೆ ನಡೀರಿ ಎಂದು ಬೆನ್ನಿಗೆ ಗುದ್ದಿದರು. ಆ ಗರ್ದಿಯಲ್ಲಿ ಮಲ್ಲಕ್ಕ ಬೀಳಬೇಕೆಂದರೂ ಬೀಳುವುದು ಸಾಧ್ಯವಿರಲಿಲ್ಲ. ಆದರೂ ನಾನು ಬಿಡಲಿಲ್ಲ. ಠಾಣೆಯಲ್ಲಿ ಇಳಿದಾಗ ನನ್ನ ಅಂಗೈಯಲ್ಲಿ ಅವರ ಬಳೆಗಳ ಗೆರೆ ಮೂಡಿತ್ತು.

"ಮೂರನೆಯದು ಯಾವಾಗ?"

"ನಾಳಿಗಿ ನೋಡೂಣಂತ."

ಮರುದಿನ ಅದೇ ಜಾಗದಲ್ಲಿ ಮತ್ತೆ ಕೈ ಕೊಟ್ಟರು. "ಇದು ಎರಡನೇದು," ಎಂದರು. ಅದರ ಮರುದಿನವೂ ಹಾಗೇ. ಸುಮಾರು ಎರಡು ವರ್ಷ ಡೊಂಬಿವಲಿಯಿಂದ ಠಾಣೆಯವರೆಗೆ ನಾನು ಅವರ ಕೈ ಹಿಡಿದುಕೊಂಡು ಹೋದೆ. ಪ್ರತಿ ಬೆಳಿಗ್ಗೆಯೂ ಅವರಿಗೆ ಅದು ಎರಡನೆಯದೇ. ಗುರುತಿನ ಹೆಂಗಸರು "ಅಕ್ಕತಂಗಿ ಬಂದರು" ಎಂದು ಹಿಂದಿಯಲ್ಲಿ ಚುಡಾಯಿಸುತ್ತಿದ್ದರು. ಆಮೇಲೆ ಮಲ್ಲಕ್ಕನಿಗೆ ಕಣ್ಣು ಮಂಜಾಯಿತು, ಕೊಳವೆಯೊಳಗಿನ ಬಾಣಂತಿಯರು ಕಾಣದಾದರು. ಕೆಲಸ ಬಿಟ್ಟು ಉಲ್ಹಾಸನಗರದ ಮಗಳ ಮನೆಗೆ ಹೋದರು. ಅವರ ಕೆಂಪು, ಬಿಳಿ ದಾರದ ಉಂಡೆಗಳು ಈಗ ನನ್ನ ಮೇಜಿನ ಖಾನೆಯಲ್ಲಿವೆ. ನಾನೂ ಮೂರು ದಿನ ನೋಡಿಯೇ ಕಟ್ಟುತ್ತೇನೆ.

ಹೋದ ವಾರ ಫೋನು ಬಂತು. ಕಣ್ಣಿನ ಆಪರೇಷನ್ ಆಗಿದೆಯಂತೆ, ಎಲ್ಲ ಸ್ವಚ್ಛ ಕಾಣುತ್ತದಂತೆ. ಪಟ್ಟಿ ಬಿಚ್ಚಿದ ಮೇಲೆ ಮೊದಲು ಗೋಡೆಯ ಮೇಲಿನ ಇರುವೆಗಳನ್ನು ನೋಡಿದರಂತೆ. ಶನಿವಾರ ಕಲ್ಯಾಣಕ್ಕೆ ಬಂದು ಲೋಕಲು ಹಿಡಿದು ಲ್ಯಾಬು ನೋಡಲು ಬರುತ್ತಾರಂತೆ.

"ಡೊಂಬಿವಲಿಯಾಗ ಇಳೀತೀನಿ, ಸ್ಟೇಷನ್ನಿಗೆ ಬರ್ರಿ. ಮೂರನೇದು ಇನ್ನೂ ಬಾಕಿ ಐತಿ," ಎಂದರು. ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು.

"ಮತ್ತ ಮೇಡಮ್ಮಾರ, ಕೈ ಖಾಲಿ ಇಟ್ಕೊಂಡು ಬರ್ರಿ."